ಬಿಸಿ ಕೋಣೆಯ ಹುಳಕ್ಕೆ ಚಿಮುಕಿಸಿದ ನೀರು

ಈ ಕತೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲು ಕ್ಷಮೆ ಇರಲಿ. ಹುಳುವಿನ ಮೈಯಲ್ಲಿ ಸತು ಎಷ್ಟು, ಕಬ್ಬಿಣ ಎಷ್ಟು, ತಾಮ್ರ ಎಷ್ಟು ಎಂದು ಅಳೆಯುವುದು ಓದಿದವರ ಕೆಲಸ. ಅದರ ಬಗ್ಗೆ ಮಾತಾಡುವುದೂ ಅವರಿಗೇ ಸೇರಿದ್ದು. ಸಂಜೆ ಶಾಲೆಯಲ್ಲಿ ಕಲಿತಷ್ಟು ವಿಜ್ಞಾನ ಇಟ್ಟುಕೊಂಡು ಇದಕ್ಕೆ ಕೈಹಾಕಿದ್ದರಲ್ಲಿ ಎಲ್ಲಾದರೂ ಎಡವಿದ್ದರೆ ತಿಳಿದವರು ತಿದ್ದಬೇಕು. ಓದಿದವರ ಪುಸ್ತಕದಲ್ಲಿ ಮಾಸುಂಬಿಯ ಹೆಸರು ಒಂದೇ ಒಂದು ಸಾಲಿನಲ್ಲಿ ಬರುತ್ತದೆ. ಆ ಸಾಲಿನ ಹಿಂದೆ ಏನಿತ್ತು ಎಂಬುದನ್ನು ಯಾರೂ ಹೇಳದಿದ್ದರೆ ಅದು ಹಾಗೆಯೇ ಹೋಗಿಬಿಡುತ್ತದೆ ಎಂಬ ಭಯಕ್ಕೆ ಇಷ್ಟು.

ಮಾಸುಂಬಿ ಮಸ್ಕಿಯವಳು. ಗಂಡ ಮಹಮ್ಮದಸಾಬ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಕೆಲಸ ಮಾಡುತ್ತಿದ್ದ. ಬಕೀಟು, ಲಾಳಿಕೆ, ಜೋಳ ತುಂಬುವ ಡಬ್ಬಿ, ಏನು ಬೇಕಾದರೂ ಅವನ ಸುತ್ತಿಗೆಯಡಿ ರೂಪ ತಳೆಯುತ್ತಿತ್ತು. ಮಾಸುಂಬಿ ಇಪ್ಪತ್ತೆಂಟನೇ ವಯಸ್ಸಿಗೆ ಗೋಪಣ್ಣ ಮಾಸ್ತರರ ಸಂಜೆ ಶಾಲೆ ಸೇರಿ, ಲಿಂಗಸುಗೂರಿಗೆ ಹೋಗಿ ಪರೀಕ್ಷೆ ಬರೆದು, ಎರಡನೇ ಸಲಕ್ಕೆ ಹತ್ತನೇ ಈಯತ್ತೆ ಪಾಸಾದಳು. ವಿಜ್ಞಾನದಲ್ಲಿ ಮೂವತ್ತಾರು. ಒಂದು ಅಂಕ ಹೆಚ್ಚು ಹಾಕಿಬಿಟ್ಟಿರಬಹುದೇ ಎಂದು ಅವಳಿಗೆ ಬಹಳ ದಿನ ಅನುಮಾನ ಇತ್ತು.

ಆ ಪಾಸಿನ ಬಲದಿಂದಲೇ ಅವಳಿಗೆ ಸಿಂಧನೂರು ರಸ್ತೆಯ ರೇಷ್ಮೆಹುಳು ಸಾಕುವ ಮನೆಯಲ್ಲಿ ದಿನಗೂಲಿ ಕೆಲಸ ಸಿಕ್ಕಿತು. ಆಗ ಕಾಲುವೆ ನೀರಿನ ಕಡೆ ಅಲ್ಲಲ್ಲಿ ಹಿಪ್ಪುನೇರಳೆ ಹಾಕಿ ನೋಡುತ್ತಿದ್ದ ಕಾಲ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಭತ್ತದ ಗದ್ದೆಗಳಾಚೆ ಒಂದು ತೋಟವಿತ್ತು. ಕಾವಲುಗಾರ ಬಸ್ಸಪ್ಪ ಅಲ್ಲಿಂದ ದಿನಾ ಬೆಳಿಗ್ಗೆ ಸೊಪ್ಪನ್ನು ಹಸಿ ಚೀಲದಲ್ಲಿ ಸುತ್ತಿ ಟೆಂಪೋದಲ್ಲಿ ತರುತ್ತಿದ್ದ. ಬೇಸಿಗೆ ಬಂತೆಂದರೆ ಆ ಸೊಪ್ಪು ಬರುವಷ್ಟರಲ್ಲೇ ಮೆತ್ತಗಾಗಿರುತ್ತಿತ್ತು.

ಎಂಬತ್ತೆಂಟರ ಬೇಸಿಗೆಗೆ ಕನಕಮ್ಮ ಮೇಡಂ ಅಲ್ಲಿಗೆ ಬಂದರು. ಲಿಂಗಸುಗೂರಿನ ಮುದುಕಪ್ಪನ ಮಗಳು, ದೊಡ್ಡ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು. ಅವರ ಪ್ರಶ್ನೆ ಒಂದೇ. ಅತಿಯಾದ ಸೆಕೆಗೆ ಸಿಕ್ಕ ಹುಳುವಿನ ಮೈಯಲ್ಲಿ ಸತು, ಕಬ್ಬಿಣ, ತಾಮ್ರದಂಥವು ಹೆಚ್ಚಾಗುತ್ತವೋ ಕಡಿಮೆಯಾಗುತ್ತವೋ?

"ಅಷ್ಟು ಸಣ್ಣ ಹುಳದಾಗ ಕಬ್ಬಿಣ ಎಲ್ಲಿರತೈತ್ರಿ?" ಎಂದು ಬಸ್ಸಪ್ಪ ನಕ್ಕಿದ್ದ. "ಅದೇನು ಮೊಳೆ ನುಂಗೇತೇನು?"

"ಸಾರಿನಾಗ ಉಪ್ಪು ಕಣ್ಣಿಗೆ ಕಾಣಸ್ತದೇನು ಬಸ್ಸಪ್ಪ? ಕಡಿಮಿ ಆದ್ರ ನಾಲಿಗಿಗೆ ಗೊತ್ತಾಗತದ. ಹಂಗ ಇದು. ಚೂರೇ ಇರತದ, ಆದ್ರ ಆ ಚೂರು ಇಲ್ಲಂದ್ರ ಜೀವ ನಡೆಯಂಗಿಲ್ಲ" ಎಂದರು ಮೇಡಂ.

ಮಾಸುಂಬಿಗೆ ಆ ಉತ್ತರ ಬಹಳ ಹಿಡಿಸಿತು. ಬಸ್ಸಪ್ಪನಂಥವನಿಗೂ ಹೀಗೆ ಕೂತು ಹೇಳುವವರನ್ನು ಅವಳು ಗೋಪಣ್ಣ ಮಾಸ್ತರರನ್ನು ಬಿಟ್ಟರೆ ನೋಡಿರಲಿಲ್ಲ. ಮೇಡಂ ಅವಳಿಗೆ ಥರ್ಮಾಮೀಟರ್ ಓದುವುದನ್ನು ಕಲಿಸಿದರು. ಕಣ್ಣು ಪಾದರಸದ ಸಮಕ್ಕೆ ಇರಬೇಕು, ಉಸಿರು ತಾಕಬಾರದು. ದಿನಕ್ಕೆ ನಾಲ್ಕು ಸಲ ಬರೆಯುವ ದಪ್ಪ ರಿಜಿಸ್ಟರು ಕೈಗೆ ಕೊಟ್ಟು, ಮೊದಲ ಪುಟದಲ್ಲಿ 'ಬರೆದವರು: ಮಾಸುಂಬಿ' ಎಂದು ತಾವೇ ಬರೆದರು. ಆ ಪುಟವನ್ನು ಅವಳು ಎಷ್ಟು ಸಲ ತೆರೆದು ನೋಡಿದಳೋ.

ಹುಳು ಸಾಕುವ ಮನೆಗೆ ಎರಡು ಕೋಣೆ. ತಣ್ಣನೆಯ ಕೋಣೆಗೆ ಜೇಕು ಹುಲ್ಲಿನ ಹೊದಿಕೆ, ಕಿಟಕಿಗೆ ಹಸಿ ಗೋಣಿತಾಟು. ಬಿಸಿ ಕೋಣೆಗೆ ಬರೀ ತಗಡು. ಎರಡರಲ್ಲೂ ಒಂದೇ ದಿನ ಮೊಟ್ಟೆಯೊಡೆದ ಹುಳು, ಒಂದೇ ತೋಟದ ಸೊಪ್ಪು. ಬೇರೆಯಾಗಿರಬೇಕಾದದ್ದು ಸೆಕೆ ಒಂದೇ. ಲೋಹದ ಸಾಮಾನು ಒಳಗೆ ತರಬಾರದು ಎಂದು ಮೇಡಂ ಕಟ್ಟುನಿಟ್ಟು ಮಾಡಿದ್ದರು. ತಟ್ಟೆಗಳು ಬಿದಿರಿನವು, ತೊಳೆಯುವ ಬುಟ್ಟಿ ಪ್ಲಾಸ್ಟಿಕ್ಕಿನದು, ಸೊಪ್ಪನ್ನು ಕೈಯಲ್ಲೇ ಹರಿಯಬೇಕು. ಮಾಸುಂಬಿ ತನ್ನ ಬೆಳ್ಳಿ ಉಂಗುರವನ್ನೂ ತೆಗೆದು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಇನ್ನೊಂದು ಮಾತನ್ನೂ ಮೇಡಂ ಹೇಳಿದ್ದರು: "ಎಲಿ ಹಸಿ ಇದ್ರ ಹುಳಕ್ಕ ರೋಗ ಬರತದ. ನೀರು ಹತ್ತಸಬ್ಯಾಡ್ರಿ." ಹೀಗೆ ಹೇಳಿ, ಹುಳು ನಾಲ್ಕನೇ ಜ್ವರಕ್ಕೆ ಕೂತಾಗ ಅವರು ಊರಿಗೆ ಹೋದರು. ಹುಳು ಪೊರೆ ಬಿಡುವ ಮುಂಚೆ ತಿನ್ನದೆ, ಅಲುಗದೆ ಕೂರುವುದನ್ನೇ ಅಲ್ಲಿ ಜ್ವರ ಎನ್ನುತ್ತಿದ್ದರು. ಜ್ವರ ಬಿಟ್ಟೆದ್ದ ಹುಳು ಏಳೆಂಟು ದಿನ ಹಗಲು ರಾತ್ರಿ ಎನ್ನದೆ ತಿಂದು, ಆಮೇಲೆ ಗೂಡು ಕಟ್ಟುತ್ತದೆ.

ಆ ಏಳೆಂಟು ದಿನವೇ ರಂಜಾನಿನ ಮೊದಲ ವಾರವಾಗಿತ್ತು.

ಏಪ್ರಿಲ್ ತಿಂಗಳ ಆ ಬಿಸಿಲಲ್ಲಿ ಮಾಸುಂಬಿ ರೋಜಾ ಉಪವಾಸ ಇದ್ದಳು. ಮಧ್ಯಾಹ್ನ ಒಂದರ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಉಗುಳನ್ನೂ ನುಂಗಲು ಹಿಂಜರಿದು ಅವಳು ಬಿಸಿ ಕೋಣೆಯ ಬಾಗಿಲು ತೆಗೆದರೆ ಥರ್ಮಾಮೀಟರ್ ಮೂವತ್ತೇಳು ತೋರಿಸುತ್ತಿತ್ತು. ಅರ್ಧ ಗಂಟೆಯ ಹಿಂದೆ ಹಾಕಿದ ಸೊಪ್ಪು ಒಣಗಿ ಸುರುಳಿಯಾಗಿರುತ್ತಿತ್ತು. ಹುಳುಗಳು ಸೊಪ್ಪಿನ ಮೇಲೆ ಹತ್ತಿ, ಅರ್ಧ ಮೈ ಎತ್ತಿ, ತಲೆಯನ್ನು ಅತ್ತ ಇತ್ತ ಆಡಿಸುತ್ತ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಸದ್ದಿಲ್ಲ. ತಣ್ಣನೆಯ ಕೋಣೆಯಲ್ಲಾದರೆ ಹುಳು ತಿನ್ನುವ ಸದ್ದು ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು.

"ನಾನಾದ್ರ ಹೊತ್ತು ಮುಳುಗಿ ಮಗರೀಬಿಗೆ ನೀರು ಸಿಗತದಂತ ತಿಳಕೊಂಡು ಕುಂತೀನಿ" ಎಂದು ಅವಳು ಹೊರಗೆ ಬಂದು ಬಸ್ಸಪ್ಪನಿಗೆ ಹೇಳಿದಳು. "ಅವಕ್ಕೇನು ತಿಳೀತದ? ಅವು ಯಾರ ಸಲುವಾಗಿ ಉಪಾಸ ಮಾಡಬೇಕು?"

"ಪಾಪ, ಅವುಕ್ಕೂ ರೋಜಾ ಹಿಡಿಯೋ ನಿಯ್ಯತ್ ಹೇಳ್ಕೊಡು" ಎಂದ ಬಸ್ಸಪ್ಪ.

ಅವಳಿಗೆ ನಗು ಬರಲಿಲ್ಲ. ಜಗಲಿಯ ಮೇಲೆ ಅವಳ ವಜೂ ಮಾಡುವ ಬಕೀಟು ಇತ್ತು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲೆಂದು ಗಂಡ ಹೊಸದಾಗಿ ಮಾಡಿಕೊಟ್ಟದ್ದು. ಬೆಳಿಗ್ಗೆ ತುಂಬಿಟ್ಟ ನೀರು ಅದರಲ್ಲಿ ನಿಂತಿತ್ತು. ಅವಳು ಬೊಗಸೆಯಲ್ಲಿ ನೀರು ತಂದು, ಒಂದು ಹಿಡಿ ಸೊಪ್ಪಿಗೆ ಚಿಮುಕಿಸಿ ಹಾಕಿದಳು. ಸ್ವಲ್ಪ ಹೊತ್ತಿಗೆ ಬಿಸಿ ಕೋಣೆಯಲ್ಲೂ ಮಳೆಯ ಸದ್ದು ಹತ್ತಿತು.

ಮರುದಿನವೂ ಚಿಮುಕಿಸಿದಳು. ಆ ಮೇಲಿನ ದಿನ ಮೂರು ಸಲ. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿತ್ತು. ಆದರೆ ಅದು ರೋಗ ಬರುವ ತಪ್ಪು, ರೋಗವಂತೂ ಬರಲಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ರಿಜಿಸ್ಟರಿನಲ್ಲಿ ಅದನ್ನು ಬರೆಯುವ ಕಾಲಮ್ ಇರಲಿಲ್ಲ. ಬರೆಯದೆ ಇರುವುದಕ್ಕೂ ಆಗಲಿಲ್ಲ. ಒಂದೊಂದು ಸಲ ಚಿಮುಕಿಸಿದಾಗಲೂ ಆ ದಿನದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಳು. ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು.

ಹುಳು ಗೂಡು ಕಟ್ಟುವ ಹಿಂದಿನ ದಿನ ಮೇಡಂ ಬಂದು, ಎರಡೂ ಕೋಣೆಯಿಂದ ಎಣಿಸಿ ಹುಳು ಆರಿಸಿ, ಒಣಗಿಸಿ, ಪುಡಿ ಮಾಡಿ, ಚೀಟಿ ಹಚ್ಚಿ ತೆಗೆದುಕೊಂಡು ಹೋದರು. ಈದ್ ಹಬ್ಬದ ದಿನ ಮಾಸುಂಬಿ ಒಂದು ಡಬ್ಬಿ ಶೀರಖುರ್ಮಾ ಲಿಂಗಸುಗೂರಿನ ಬಸ್ಸಿನಲ್ಲಿ ಮುದುಕಪ್ಪನ ಮನೆಗೆ ಕಳಿಸಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು.

ಸೆಪ್ಟೆಂಬರಿನಲ್ಲಿ ಮೇಡಂ ಹಾರಿಕೊಂಡೇ ಬಂದರು. ಕೈಯಲ್ಲಿ ಪ್ರಯೋಗಾಲಯದ ಕಾಗದ.

"ಮಾಸುಂಬಿ, ನೋಡಿಲ್ಲಿ! ಬಿಸಿ ಕೋಣ್ಯಾಗಿನ ಹುಳದಾಗ ಕಬ್ಬಿಣ ಇಳದೈತಿ. ತಾಮ್ರ ಇದ್ದಂಗೇ ಐತಿ. ಆದ್ರ ಸತು? ಒಂದೂವರಿ ಪಟ್ಟು ಏರೇತಿ! ಸೆಕಿ ತಡಕೊಳ್ಳಾಕ ಹುಳ ಸತುನ ಹಿಡಿದಿಟ್ಟುಕೊಳ್ತದೇನೋ. ನಮ್ಮ ಸರ್ ಬಾಳ ಖುಷಿಯಾಗ್ಯಾರ. ಡಿಸೆಂಬರಿನಾಗ ದೊಡ್ಡ ಸಭಾದಾಗ ಹೇಳ್ರಿ ಅಂದಾರ."

"ಛಲೋ ಆತ್ರಿ ಮೇಡಂ" ಎಂದಳು ಮಾಸುಂಬಿ. ಮನಸಾರೆ ಹೇಳಿದಳು.

"ಥೀಸಿಸ್ ಆದ ಮ್ಯಾಲೆ ಕೃತಜ್ಞತಾ ಪುಟದಾಗ ನಿನ್ನ ಹೆಸರು ಅಚ್ಚು ಹಾಕಸ್ತೀನಿ. ನಾಲ್ಕು ಹೊತ್ತು ತಪ್ಪದಂಗ ಬರದೀಯಲ್ಲ, ಅದಕ್ಕ." ಒಂದು ಹೊಸ ಮಸಿ ಪೆನ್ನನ್ನೂ ಅವಳ ಕೈಗಿಟ್ಟರು.

ಆ ಸಂಜೆ ಮಾಸುಂಬಿ ಗಂಡನ ಅಂಗಡಿಗೆ ಹೋಗಿ ಪೆನ್ನು ತೋರಿಸಿದಳು. ಮಹಮ್ಮದಸಾಬ ಹೊಳೆಯುವ ತಗಡಿನ ಮೇಲೆ ಕೂತು ಬಕೀಟಿನ ಅಡಿ ಮಡಚುತ್ತಿದ್ದ. ಮಾರಿ ತಿಂಗಳಾಗದ ಬಕೀಟೊಂದು ರಿಪೇರಿಗೆ ಬಂದಿತ್ತು. ಅದರ ಒಳಮೈಯಲ್ಲಿ ಸುಣ್ಣ ಬಳಿದಂಥ ಬಿಳಿ ಪುಡಿ.

"ಇದೇನ್ರಿ, ಬೂದಿ ಹಿಡದಂಗ?"

"ಗಿರಾಕಿ ಬಿಸಿಲಾಗ ನೀರು ತುಂಬಿಟ್ಟಾರ. ಹೊಸದಿದ್ದಾಗ ಹಿಂಗ ಪುಡಿ ಬಿಡತದ. ಕುಡಿಯಾಕ ನಕ್ಕೋ, ಬ್ಯಾಡ್ರಿ ಅಂತ ನಾ ಹೇಳೇ ಕಳಸ್ತೀನಿ. ತೊಳಿಯಾಕ ಏನಾಗಂಗಿಲ್ಲ."

ಮಾಸುಂಬಿಯ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಗೋಪಣ್ಣ ಮಾಸ್ತರರು ಒಂದು ಸಂಜೆ ಶಾಲೆಯ ಬಕೀಟನ್ನೇ ಮೇಜಿನ ಮೇಲಿಟ್ಟು ಪಾಠ ಮಾಡಿದ್ದರು. ಒಳಗೆ ಕಬ್ಬಿಣ, ಮೇಲೆ ತುಕ್ಕು ಹಿಡಿಯದಂತೆ ಸತುವಿನ ಲೇಪ. "ಮಾಸುಂಬಿ, ನಿಮ್ಮ ಮನಿಯವ್ರು ದಿನಾ ಬಡಿಯೋದು ಇದನ್ನ" ಎಂದು ಅವರೇ ನಕ್ಕಿದ್ದರು. ಪರೀಕ್ಷೆಗೆ ಆ ಪ್ರಶ್ನೆ ಬಂದಿತ್ತು. ಅವಳು ಸರಿ ಉತ್ತರ ಬರೆದಿದ್ದಳು.

ಉಂಗುರ ಬಿಚ್ಚಿಟ್ಟು ಒಳಗೆ ಹೋದವಳು ಬಕೀಟಿನ ನೀರನ್ನು ಸೊಪ್ಪಿಗೆ ಹಾಕಿದ್ದಳು. ಅದೂ ಬಿಸಿ ಕೋಣೆಯ ಸೊಪ್ಪಿಗೆ ಮಾತ್ರ.

ಹದಿನೈದು ದಿನ ಅವಳಿಗೆ ಊಟ ರುಚಿಸಲಿಲ್ಲ. ಹೇಳಿದರೆ ಮೇಡಂ ಅವರ ಒಂದು ವರ್ಷದ ಕೆಲಸ ಮಣ್ಣುಪಾಲಾಗುತ್ತದೆ, ತನ್ನ ಕೆಲಸ ಹೋಗುತ್ತದೆ, ರಿಜಿಸ್ಟರಿನ ಮೊದಲ ಪುಟದ ಹೆಸರಿಗೆ ಅರ್ಥವೇ ಉಳಿಯುವುದಿಲ್ಲ. ಹೇಳದಿದ್ದರೆ ಮೇಡಂ ನೂರು ಜನರ ಮುಂದೆ ನಿಂತು, ತನ್ನ ಬಕೀಟಿನ ಪುಡಿಯನ್ನು ಹುಳುವಿನ ಗುಣ ಎಂದು ಹೇಳುತ್ತಾರೆ. ಇಲ್ಲ, ಬಕೀಟಿನದು ಏನೂ ಇರಲಿಕ್ಕಿಲ್ಲ, ತನ್ನಂಥವಳಿಗೆ ಏನು ಗೊತ್ತು, ಸುಮ್ಮನೆ ದೊಡ್ಡವರ ಕೆಲಸದಲ್ಲಿ ಮೂಗು ತೂರಿಸುತ್ತಿದ್ದೇನೆ ಎಂದೂ ಅನ್ನಿಸುತ್ತಿತ್ತು.

ಬಸ್ಸಪ್ಪನ ಮುಂದೆ ಬಾಯಿಬಿಟ್ಟಳು. "ಸುಮ್ಮನಿರಬೇ ಯವ್ವಾ. ಆ ಹುಳ ಎದ್ದು ಬಂದು ಸಾಕ್ಷಿ ಹೇಳ್ತಾವೇನು?" ಎಂದ ಅವನು.

ಗಂಡನಿಗೆ ಹೇಳಿದಳು. ಮಹಮ್ಮದಸಾಬ ಸುತ್ತಿಗೆ ಕೆಳಗಿಟ್ಟ. "ಬಕೀಟು ನಾ ಮಾಡಿದ್ದು. ಅದರ ಮ್ಯಾಲೆ ಮಾತು ಬರತದಂದ್ರ ಖರೇ ಮಾತೇ ಬರಲಿ. ತಗೊಂಡು ಹೋಗಿ ತೋರಸು" ಎಂದ.

ದಸರಾ ರಜೆಗೆ ಮೇಡಂ ಊರಿಗೆ ಬಂದ ಸುದ್ದಿ ತಿಳಿದು, ಮಾಸುಂಬಿ ಒಂದು ಕೈಯಲ್ಲಿ ರಿಜಿಸ್ಟರು, ಇನ್ನೊಂದು ಕೈಯಲ್ಲಿ ಬಕೀಟು ಹಿಡಿದು ಲಿಂಗಸುಗೂರಿನ ಬಸ್ಸು ಹತ್ತಿದಳು.

"ಖಾಲಿ ಬಕೀಟು ತಗೊಂಡು ಎಲ್ಲಿಗೆ ಹೊಂಟೀಯಬೇ?" ಎಂದ ಕಂಡಕ್ಟರ್. "ಲಿಂಗಸುಗೂರಾಗ ನೀರು ಹಂಚಾಕತ್ತಾರೇನು?"

"ಇದಕ್ಕೊಂದು ಟಿಕೇಟು ಬೇಕಾದ್ರ ಕೊಡಪ್ಪ" ಎಂದಳು ಅವಳು. ಬಸ್ಸಿನವರೆಲ್ಲ ನಕ್ಕರು.

ಮುದುಕಪ್ಪ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ. "ಬಾರವಾ. ನಿನ್ನ ಖೀರಿನ ಡಬ್ಬಿ ಇನ್ನಾ ನಮ್ಮ ಮನ್ಯಾಗೇ ಐತಿ. ಅದನ್ನ ಒಯ್ಯಾಕ ಇಷ್ಟು ದೊಡ್ಡ ಬಕೀಟು ತಂದೇನು?" ಎಂದ. ಮೇಡಂ ಒಳಗಿನಿಂದ ಬಂದರು. ಮಾಸುಂಬಿ ಕೂತುಕೊಳ್ಳಲಿಲ್ಲ. ನಿಂತೇ ಎಲ್ಲ ಹೇಳಿದಳು. ರೋಜಾ, ತಲೆ ಎತ್ತಿದ ಹುಳು, ಬೊಗಸೆ ನೀರು, ಬಿಳಿ ಪುಡಿ.

ಮೇಡಂ ಮುಖದ ಬಣ್ಣ ಇಳಿಯಿತು. "ನೀರು ಹತ್ತಸಬ್ಯಾಡ್ರಿ ಅಂತ ಹೇಳಿದ್ನೋ ಇಲ್ಲೋ?"

"ಹೇಳಿದ್ರಿ."

"ಒಂದು ವರ್ಷ ಮಾಸುಂಬಿ! ಒಂದು ವರ್ಷದ ಕೆಲಸ! ಸರ್‌ಗೆ ಏನು ಹೇಳ್ಲಿ ನಾನು?"

ಮಾಸುಂಬಿ ಬಕೀಟನ್ನು ನೆಲಕ್ಕಿಟ್ಟು ರಿಜಿಸ್ಟರನ್ನು ಎರಡೂ ಕೈಯಲ್ಲಿ ಹಿಡಿದಳು. ಮೇಡಂ, "ಎಷ್ಟು ಸಲ ಹಾಕಿದಿ? ನೆನಪು ಹ್ಯಾಂಗ ಇರತದ ಬಿಡು" ಎಂದರು.

"ಹದಿನಾರು ಸಲ ರೀ." ಅವಳು ರಿಜಿಸ್ಟರು ತೆರೆದು ಅಂಚಿನ ಚುಕ್ಕೆಗಳನ್ನು ತೋರಿಸಿದಳು. "ಯಾವ ದಿನ ಎಷ್ಟು ಅಂತ ಇಲ್ಲಿ ಐತಿ."

ಮೇಡಂ ರಿಜಿಸ್ಟರನ್ನು ಕಣ್ಣ ಹತ್ತಿರ ಹಿಡಿದು ಒಂದೊಂದೇ ಚುಕ್ಕೆಯ ಮೇಲೆ ಬೆರಳಿಟ್ಟು ಎಣಿಸಿದರು. "ಇವು ಪೆನ್ಸಿಲ್ ಬಿದ್ದ ಕಲೆ ಅಂತ ತಿಳಕೊಂಡಿದ್ದೆ ನಾ." ಮತ್ತೆ ಎಣಿಸಿದರು. ಹದಿನಾರು. ರಿಜಿಸ್ಟರು ಮಡಿಲಲ್ಲಿಟ್ಟುಕೊಂಡು ಕೇಳಿದರು: "ಹೇಳದಿದ್ರ ನನಗ ಜನ್ಮದಾಗ ಗೊತ್ತಾಗ್ತಿದ್ದಿಲ್ಲ. ಯಾಕ ಹೇಳಿದಿ?"

"ಥರ್ಮಾಮೀಟರ್ ಓದಾಕ ನೀವೇ ಕಲಿಸಿದ್ರಿ. ಅರ್ಧ ಡಿಗ್ರೀನೂ ಬಿಡಬ್ಯಾಡ ಅಂದ್ರಿ. ಇದು ಅರ್ಧ ಡಿಗ್ರಿಗಿಂತ ದೊಡ್ಡದಲ್ಲೇನ್ರಿ ಮೇಡಂ?"

ಕನಕಮ್ಮ ಮೇಡಂ ಒಳಗೆ ಹೋದರು. ಮಾಸುಂಬಿ ಚಪ್ಪಲಿ ಹುಡುಕತೊಡಗಿದಳು. ಅಷ್ಟರಲ್ಲಿ ಅವರು ಎರಡು ಲೋಟ ಚಹಾ ತಂದು ಒಂದನ್ನು ಅವಳ ಕೈಗಿಟ್ಟರು. ಕಣ್ಣು ಕೆಂಪಗಿದ್ದವು. "ಕುಂದರು. ಡಿಸೆಂಬರಿನಾಗ ನಿಂತು ಹೇಳಿದ ಮ್ಯಾಲೆ ಯಾರಾದ್ರೂ ಇದನ್ನ ಸುಳ್ಳು ಅಂತ ತೋರಸಿದ್ರ ನಾ ಎಲ್ಲಿಗೆ ಹೋಗ್ತಿದ್ದೆ? ನೀ ಇವತ್ತು ಬಂದಿ. ನಾ ಹೆಂಗ ಮರೀಲಿ ಇದನ್ನ?" ಎಂದರು. ಆ ಚಹಾ ಎಷ್ಟು ಸಿಹಿ ಇತ್ತು ಎಂಬುದನ್ನು ಮಾಸುಂಬಿ ಇವತ್ತಿಗೂ ಹೇಳುತ್ತಾಳೆ.

"ಬಕೀಟು ನಮ್ಮ ಮನ್ಯಾಗೇ ಇರಲಿ ಹಂಗಾರ" ಎಂದ ಮುದುಕಪ್ಪ, "ಖೀರಿನ ಡಬ್ಬಿ ನೀ ಒಯ್ಯಿ."

ಬಕೀಟು ಪ್ರಯೋಗಾಲಯಕ್ಕೆ ಹೋಯಿತು. ಬಿಸಿಲಲ್ಲಿ ಅರ್ಧ ದಿನ ನಿಂತ ಅದರ ನೀರಿನಲ್ಲಿ ಸತು ಬೇಕಾದಷ್ಟು ಸಿಕ್ಕಿತು. ಡಿಸೆಂಬರಿನ ಸಭೆಯಲ್ಲಿ ಮೇಡಂ ಮಾತಾಡಲಿಲ್ಲ. ಅವರ ಸರ್ ಮೊದಲು ಸಿಟ್ಟಾದರಂತೆ. ಆಮೇಲೆ ಚುಕ್ಕೆಗಳ ಪುಟ ನೋಡಿ, "ಈ ಹೆಣ್ಣುಮಗಳನ್ನು ಕೆಲಸದಿಂದ ಬಿಡಿಸಬೇಡಿ" ಎಂದರಂತೆ.

ಎಂಬತ್ತೊಂಬತ್ತರ ಬೇಸಿಗೆಗೆ ಮತ್ತೆ ಶುರುವಾಯಿತು. ಈ ಸಲ ಬಿಸಿ ಕೋಣೆಯಲ್ಲಿ ಎರಡು ಗುಂಪು ಮಾಡೋಣ, ಒಣ ಸೊಪ್ಪಿನದೊಂದು, ಬಕೀಟು ನೀರಿನದೊಂದು ಎಂದು ಮೇಡಂ ಹೇಳಿದರು. ಮಾಸುಂಬಿ ಸೆರಗಿನ ತುದಿ ತಿರುವುತ್ತ ನಿಂತಳು.

"ಏನು? ಬಾಯಿ ಬಿಡು."

"ತಪ್ಪು ತಿಳಕೋಬ್ಯಾಡ್ರಿ. ನೀರು ಒಂದು, ಬಕೀಟು ಒಂದು. ಎರಡೂ ಬ್ಯಾರೆ ಅಲ್ಲೇನ್ರಿ? ಹಸಿ ಸೊಪ್ಪು ತಿಂದ ಹುಳ ಜಾಸ್ತಿ ತಿಂತಾವು. ಜಾಸ್ತಿ ತಿಂದಿದ್ದಕ್ಕೇ ಸತು ಏರೇತೋ ಏನೋ. ಮಣ್ಣಿನ ಗಡಿಗ್ಯಾಗಿನ ನೀರು ಹಾಕಿದ್ದೂ ಒಂದು ಗುಂಪು ಇದ್ರ..."

ಮೇಡಂ ಅವಳನ್ನೇ ನೋಡಿದರು. ಮುಖ ಅರಳಿತು. "ಇದು ನನಗ ಹೊಳೀಬೇಕಾಗಿತ್ತು" ಎಂದರು.

"ಈಗ ಹುಳದಾಗೂ ಜಾತಿ ಆದ್ವು" ಎಂದ ಬಸ್ಸಪ್ಪ. "ಒಣ ರೊಟ್ಟಿಯವ್ರು, ಬಕೀಟಿನವ್ರು, ಗಡಿಗಿಯವ್ರು."

ಆ ಬೇಸಿಗೆಯೂ ರಂಜಾನ್ ಏಪ್ರಿಲಿಗೇ ಬಂದಿತು. ಒಣ ಸೊಪ್ಪಿನ ಗುಂಪಿಗೆ ಮಾಸುಂಬಿ ಒಂದು ಹನಿಯನ್ನೂ ಹಾಕಲಿಲ್ಲ. ಅದು ಅವಳಿಗೆ ಎಷ್ಟು ಕಷ್ಟವಾಯಿತು ಎಂಬುದು ರಿಜಿಸ್ಟರಿನಲ್ಲಿಲ್ಲ. ಅವು ತಲೆಯೆತ್ತಿ ಹುಡುಕುವಾಗ ಅವಳು ಪಕ್ಕದಲ್ಲೇ ನೆಲದ ಮೇಲೆ ಕೂತಿರುತ್ತಿದ್ದಳು. ನೀರು ಕೊಡಲಾಗದಿದ್ದರೂ ಬಿಟ್ಟು ಹೋಗಬಾರದು ಎಂದು. ಆ ಗುಂಪಿನಲ್ಲಿ ಬಹಳ ಹುಳು ಸತ್ತವು. ಉಳಿದ ಕೆಲವನ್ನೇ ಅಳೆಯಲು ಕಳಿಸಿದರು.

ತೊಂಬತ್ತೊಂದರಲ್ಲಿ ಟಪಾಲಿನಲ್ಲಿ ಮಾಸುಂಬಿಗೆ ಒಂದು ದಪ್ಪ ಪುಸ್ತಕ ಬಂತು. ಹೆಚ್ಚಿನದು ಇಂಗ್ಲಿಷು, ಅವಳಿಗೆ ಓದಲು ಬರದು. ಕೃತಜ್ಞತೆಯ ಪುಟವನ್ನು ಮಾತ್ರ ಮೇಡಂ ಕನ್ನಡದಲ್ಲಿ ಬರೆದಿದ್ದರು. ಅದರ ಮೊದಲ ಸಾಲು: 'ಈ ಕೆಲಸದ ದೊಡ್ಡ ತಪ್ಪನ್ನು ಕಂಡುಹಿಡಿದು, ಲಿಂಗಸುಗೂರಿನ ತನಕ ಹೊತ್ತು ತಂದು ನನಗೆ ಕೊಟ್ಟ ಮಸ್ಕಿಯ ಮಾಸುಂಬಿಯವರಿಗೆ.' ಮೇಡಂ ಅವರ ಅಪ್ಪ ಮುದುಕಪ್ಪನ ಹೆಸರು ಎರಡನೆಯ ಸಾಲಿನಲ್ಲಿತ್ತು. ಗೋಪಣ್ಣ ಮಾಸ್ತರರಿಗೆ ಓದಿ ತೋರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮಹಮ್ಮದಸಾಬ, "ಬಕೀಟಿನ ಹೆಸರು ಇಲ್ಲೇನು?" ಎಂದು ಕೇಳಿ, ಅವಳು ನಕ್ಕ ಮೇಲೆ ತಾನೂ ನಕ್ಕ. ಆ ದಿನ ಅವಳು ನಮಾಜಿನಲ್ಲಿ ಇವರೆಲ್ಲರ ಹೆಸರು ಹಿಡಿದು ದುವಾ ಕೇಳಿದಳು. ಬಿಸಿ ಕೋಣೆಯ ಹುಳುಗಳಿಗೂ ಕೇಳಿದಳು. ಹಾಗೆ ಕೇಳಬಹುದೋ ಬಾರದೋ ಎಂದು ಆಮೇಲೆ ಹೆದರಿಕೊಂಡಳು.

ಇನ್ನು ಉಳಿದದ್ದು ಎಂಬತ್ತೊಂಬತ್ತರ ಅಳತೆಯ ಮಾತು. ಸೆಕೆಯಲ್ಲಿ ಬೆಳೆದ ಮೂರೂ ಗುಂಪಿನಲ್ಲಿ ಕಬ್ಬಿಣ ಇಳಿದಿತ್ತು. ಬಕೀಟಿನ ನೀರಿನ ಗುಂಪಿನಲ್ಲಿ ಸತು ಬಹಳ ಹೆಚ್ಚಿತ್ತು, ಅದು ಬಕೀಟಿನದೇ. ಆದರೆ ಗಡಿಗೆಯ ನೀರಿನ ಗುಂಪಿನಲ್ಲೂ, ಒಣ ಸೊಪ್ಪು ತಿಂದು ಉಳಿದ ಆ ಕೆಲವೇ ಹುಳುಗಳಲ್ಲೂ, ತಣ್ಣನೆಯ ಕೋಣೆಯದಕ್ಕಿಂತ ಸತು ಸ್ವಲ್ಪ ಹೆಚ್ಚಿತ್ತು. ಬಹಳ ಸ್ವಲ್ಪ. ಸೆಕೆ ತಡೆಯಲು ಹುಳು ಅದನ್ನು ಹಿಡಿದಿಟ್ಟುಕೊಂಡಿತೋ, ಮೈಯ ಉಳಿದದ್ದು ಕರಗಿ ಸತು ಮಾತ್ರ ಹೆಚ್ಚಾಗಿ ಕಂಡಿತೋ, ಇಲ್ಲಾ ತಗಡಿನ ಮಾಡಿನಿಂದ ಧೂಳು ಉದುರಿತ್ತೋ, ಮೇಡಂಗೆ ತಿಳಿಯಲಿಲ್ಲ, ಹಾಗೆಂದು ಪುಸ್ತಕದಲ್ಲೇ ಬರೆದಿದ್ದಾರೆ. ಮಾಸುಂಬಿಗೂ ಗೊತ್ತಿಲ್ಲ. ಈ ಕತೆ ಹೇಳಿದವರಿಗೂ ಗೊತ್ತಿಲ್ಲ.